ಕತ್ತಿನ ಧಮನಿಗೆ ಕ್ಲಾಂಪ್ ಬಿದ್ದಾಗ ಮಿದುಳಿನ ಅಲೆಗಳನ್ನು ನೋಡುವ ಬಗೆ

ಕೆರೋಟಿಡ್ ಎಂಡಾರ್ಟರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಇಡೀ ಕೋಣೆ ಮೌನವಾಗುವ ಒಂದು ಗಳಿಗೆ ಇದೆ. ಕೆರೋಟಿಡ್ ಎಂಬ ಕತ್ತಿನ ದೊಡ್ಡ ಧಮನಿಯನ್ನು ಸುತ್ತಲಿನ ಅಂಗಾಂಶದಿಂದ ಬಿಡಿಸಿಟ್ಟುಕೊಂಡ ಶಸ್ತ್ರಚಿಕಿತ್ಸಕರು "ಕ್ಲಾಂಪ್ ಹಾಕುತ್ತಿದ್ದೇನೆ" ಎನ್ನುತ್ತಾರೆ. ಆ ಕಡೆಯ ಮಿದುಳಿಗೆ ಆ ದಾರಿಯಲ್ಲಿ ಹರಿಯುತ್ತಿದ್ದ ರಕ್ತ ಅಲ್ಲಿಗೆ ನಿಲ್ಲುತ್ತದೆ. ಧಮನಿಯ ಒಳಗೋಡೆಗೆ ಕಟ್ಟಿಕೊಂಡಿರುವ ಕೊಬ್ಬು, ಸುಣ್ಣದ ಗಟ್ಟಿ ಪದರವನ್ನು ಕೆತ್ತಿ ತೆಗೆದು, ಹೊಲಿಗೆ ಮುಗಿಸುವವರೆಗೆ, ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಗಂಟೆ, ಮಿದುಳು ಉಳಿದ ದಾರಿಗಳನ್ನೇ ನಂಬಿಕೊಂಡಿರಬೇಕು. ರೋಗಿ ಅರಿವಳಿಕೆಯಲ್ಲಿದ್ದಾರೆ. ಬಲಗೈ ಸೋಲುತ್ತಿದೆ, ಮಾತು ಸಿಗುತ್ತಿಲ್ಲ ಎಂದು ಅವರು ಹೇಳಲಾರರು. ಅವರ ಪರವಾಗಿ ಹೇಳಬೇಕಾದದ್ದು ಮಿದುಳಿನ ವಿದ್ಯುತ್ ಅಲೆಗಳನ್ನು ತೋರಿಸುವ ಇ.ಇ.ಜಿ. ಪರದೆಯ ಮುಂದೆ ಕುಳಿತವರು.

ಆ ಪರದೆಯ ಮುಂದೆ ಮೊದಲ ಬಾರಿ ಕೂರಲಿರುವ ತಂತ್ರಜ್ಞರು, ನರವಿಜ್ಞಾನ ತಂತ್ರಜ್ಞಾನದ ವಿದ್ಯಾರ್ಥಿಗಳು, ಅರಿವಳಿಕೆ ವಿಭಾಗಕ್ಕೆ ಹೊಸದಾಗಿ ಸೇರಿದ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಕಲಿಸುವ ಪಾಠಕ್ಕೆ ಇದು ಬದಲಿಯಲ್ಲ. ಆದರೆ ನಾನು ಕಲಿಯುವಾಗ ಇದೆಲ್ಲ ಕನ್ನಡದಲ್ಲಿ ಒಂದೆಡೆ ಸಿಕ್ಕಿದ್ದರೆ ಎಷ್ಟೋ ತಪ್ಪು ತಪ್ಪುತ್ತಿತ್ತು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಈ ಕೆಲಸದ ಮುಕ್ಕಾಲು ಪಾಲು ಮುಗಿಯುವುದು ಕ್ಲಾಂಪ್ ಬೀಳುವ ಮೊದಲು. ಕ್ಲಾಂಪ್ ಬಿದ್ದ ಮೇಲೆ ಕಲಿಯಲು ಸಮಯವಿರುವುದಿಲ್ಲ.

ರಕ್ತಕ್ಕೂ ಅಲೆಗೂ ಏನು ನಂಟು?

ಮಿದುಳು ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ನ್ನು ಅದೊಂದೇ ಬಳಸುತ್ತದೆ. ಆರೋಗ್ಯವಂತರಲ್ಲಿ ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯುತ್ತದೆ. ಈ ಹರಿವು 20–25ಕ್ಕೆ ಇಳಿಯುವ ಹೊತ್ತಿಗೆ ಇ.ಇ.ಜಿ.ಯಲ್ಲಿ ವೇಗದ ಅಲೆಗಳು ಬಡವಾಗತೊಡಗುತ್ತವೆ. ಇನ್ನೂ ಇಳಿದರೆ ನಿಧಾನದ ಅಲೆಗಳು ಎದ್ದು ಕಾಣುತ್ತವೆ. 12–15ರ ಸುಮಾರಿಗೆ ರೇಖೆ ಚಪ್ಪಟೆಯಾಗುವತ್ತ ಸಾಗುತ್ತದೆ. 10ಕ್ಕಿಂತ ಕೆಳಗೆ ಹೋಗಿ ಅಲ್ಲೇ ನಿಂತರೆ ಜೀವಕೋಶಗಳು ಸಾಯತೊಡಗುತ್ತವೆ.

ಇದನ್ನು ನಾನು ಹಳ್ಳಿಯ ವಿದ್ಯುತ್ತಿಗೆ ಹೋಲಿಸಿ ಹೇಳಿಕೊಡುತ್ತೇನೆ. ವೋಲ್ಟೇಜ್ ಇಳಿದಾಗ ಮೊದಲು ನಿಲ್ಲುವುದು ಪಂಪ್‌ಸೆಟ್. ಬಲ್ಬು ಮಂಕಾಗಿಯಾದರೂ ಉರಿಯುತ್ತಿರುತ್ತದೆ. ನರಕೋಶವೂ ಹಾಗೆಯೇ. ರಕ್ತ ಕಡಿಮೆಯಾದಾಗ ಅದು ಮೊದಲು ಕೈಬಿಡುವುದು ಪಕ್ಕದ ಕೋಶಗಳೊಡನೆ ನಡೆಸುವ ಸಂದೇಶದ ಕೆಲಸವನ್ನು, ಏಕೆಂದರೆ ಶಕ್ತಿ ಹೆಚ್ಚು ಖರ್ಚಾಗುವುದು ಅಲ್ಲಿಯೇ. ಇ.ಇ.ಜಿ. ತೋರಿಸುವುದು ಆ ಸಂದೇಶದ ಕೆಲಸವನ್ನು. ಉಳಿದ ಶಕ್ತಿಯಲ್ಲಿ ಕೋಶ ತನ್ನ ಜೀವ ಹಿಡಿದುಕೊಂಡಿರುತ್ತದೆ. ಅಲೆ ಬಡವಾಗುವುದಕ್ಕೂ ಕೋಶ ಸಾಯುವುದಕ್ಕೂ ನಡುವಿನ ಈ ಅಂತರವೇ ನಮಗೆ ಸಿಗುವ ಅವಕಾಶ. ಅಂತರ ಇಲ್ಲದಿದ್ದರೆ ಅಲೆ ನೋಡುತ್ತ ಕೂರುವುದರಲ್ಲಿ ಅರ್ಥವೇ ಇರುತ್ತಿರಲಿಲ್ಲ.

ಮನುಷ್ಯರ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾದ ಮನೋವೈದ್ಯ ಹಾನ್ಸ್ ಬರ್ಗರ್. ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ಕತ್ತಿನ ಧಮನಿಯ ಶಸ್ತ್ರಚಿಕಿತ್ಸೆ ಶುರುವಾದದ್ದು 1950ರ ದಶಕದಲ್ಲಿ. ಇವೆರಡನ್ನೂ ಅಂಕಿಗಳ ಮೂಲಕ ಜೋಡಿಸಿದ ಮುಖ್ಯ ಕೆಲಸ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಡೆಯಿತು. ಅಲ್ಲಿ ಶಾರ್ಬ್ರೋ, ಸಂಟ್ ಮತ್ತು ಅವರ ಸಂಗಡಿಗರು ಶಸ್ತ್ರಚಿಕಿತ್ಸೆಯ ನಡುವೆಯೇ ಕ್ಸೆನಾನ್-133 ಎಂಬ ವಿಕಿರಣಶೀಲ ಅನಿಲ ಬಳಸಿ ರಕ್ತದ ಹರಿವನ್ನು ಅಳೆದು, ಅದೇ ಹೊತ್ತಿನ ಇ.ಇ.ಜಿ.ಯ ಜೊತೆ ಹೋಲಿಸಿ 1973ರಲ್ಲಿ ಪ್ರಕಟಿಸಿದರು. ಅರಿವಳಿಕೆಯ ಔಷಧ ಬದಲಾದರೆ ಈ ಮಿತಿಯೂ ಬದಲಾಗುತ್ತದೆ ಎಂಬುದು ಅಲ್ಲಿಂದಲೇ ಮುಂದೆ ತಿಳಿದು ಬಂತು. ಹ್ಯಾಲೋಥೇನ್ ಕೊಟ್ಟಾಗ 20ರ ಸುಮಾರಿಗೇ ಅಲೆ ಕೆಡುತ್ತದೆ. ಐಸೋಫ್ಲೂರೇನ್ ಕೊಟ್ಟಾಗ ಹರಿವು 10ರ ಸುಮಾರಿಗೆ ಇಳಿಯುವವರೆಗೆ ತಡೆಯುತ್ತದೆ. ಆದ್ದರಿಂದ ಮೇಲೆ ಕೊಟ್ಟ ಅಂಕಿಗಳನ್ನು ಕಂಠಪಾಠದ ಗಡಿರೇಖೆಗಳೆಂದು ತಿಳಿಯಬೇಡಿ.

ಹಿಂದಿನ ದಿನ ರೋಗಿಯನ್ನು ಕಾಣಿ

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೇ ರೋಗಿಯನ್ನು ಮೊದಲ ಬಾರಿ ನೋಡುವ ರೂಢಿ ಒಳ್ಳೆಯದಲ್ಲ. ಹಿಂದಿನ ದಿನ ಸಂಜೆ ವಾರ್ಡಿಗೆ ಹೋಗಿ. ಮೊದಲು ಫೈಲು ನೋಡಿ. ಯಾವ ಕಡೆ ಶಸ್ತ್ರಚಿಕಿತ್ಸೆ? ಎದುರಿನ ಕೆರೋಟಿಡ್ ತೆರೆದಿದೆಯೇ, ಮುಚ್ಚಿದೆಯೇ? ಈ ಎರಡನೆಯ ಪ್ರಶ್ನೆಯನ್ನು ಹೊಸಬರು ಕೇಳುವುದೇ ಇಲ್ಲ, ನಾಳೆ ಕ್ಲಾಂಪ್ ಬಿದ್ದಾಗ ಅದೇ ಮುಖ್ಯವಾಗುತ್ತದೆ. ಎರಡೂ ಕಡೆಯ ಧಮನಿಗಳು ಮಿದುಳಿನ ತಳದಲ್ಲಿ ವಿಲಿಸ್ ವೃತ್ತದ ಮೂಲಕ ಕೂಡುತ್ತವೆ. ಒಂದು ಕಡೆ ಮುಚ್ಚಿದಾಗ ಇನ್ನೊಂದು ಕಡೆಯಿಂದ ರಕ್ತ ಬರುವುದು ಆ ವೃತ್ತದ ಮೂಲಕವೇ. ಆದರೆ ಆ ವೃತ್ತ ಪುಸ್ತಕದ ಚಿತ್ರದಲ್ಲಿರುವಷ್ಟು ಪೂರ್ಣವಾಗಿ ಎಲ್ಲರಲ್ಲೂ ಇರುವುದಿಲ್ಲ; ಬಹಳ ಜನರಲ್ಲಿ ಅದರ ಒಂದಲ್ಲ ಒಂದು ಕೊಂಡಿ ತೀರ ಸಣ್ಣದು, ಇಲ್ಲವೇ ಇಲ್ಲ.

ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂದು ಕೇಳಿ. ಆಗಿದ್ದರೆ ಮಿದುಳಿನಲ್ಲಿ ಪೆಟ್ಟಾದ ಕಡೆಯ ಅಲೆಗಳು ಮೊದಲೇ ಸಣ್ಣದಾಗಿರಬಹುದು. ಮೂರ್ಛೆರೋಗದ ಮಾತ್ರೆ, ನಿದ್ರೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬರೆದುಕೊಳ್ಳಿ. ಯಾವ ಕೈಯಲ್ಲಿ ಊಟ ಮಾಡುತ್ತಾರೆ ಎಂಬುದಕ್ಕಿಂತ ಯಾವ ಕೈಯಲ್ಲಿ ಬರೆಯುತ್ತಾರೆ, ಕುಡುಗೋಲು ಹಿಡಿಯುತ್ತಾರೆ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಎಡಗೈಯವರಿಗೂ ನಮ್ಮ ಮನೆಗಳಲ್ಲಿ ಬಲಗೈಯಲ್ಲಿ ಉಣ್ಣುವುದನ್ನೇ ಕಲಿಸಿರುತ್ತಾರೆ.

ಮುಂದಿನ ಕೆಲಸ ಕೂದಲಿನದು. ಆಸ್ಪತ್ರೆಗೆ ಹೊರಡುವ ದಿನ ಮನೆಯವರು ಪ್ರೀತಿಯಿಂದ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ ಕಳಿಸಿರುತ್ತಾರೆ. ಎಣ್ಣೆಯ ಮೇಲೆ ಪೇಸ್ಟ್ ನಿಲ್ಲುವುದಿಲ್ಲ, ವಿದ್ಯುತ್ತೂ ಸರಿಯಾಗಿ ಹರಿಯುವುದಿಲ್ಲ. ಶಾಂಪೂ ಹಾಕಿ ಎರಡು ಸಲ ತಲೆ ತೊಳೆಯಿರಿ, ಒಣಗಿದ ಮೇಲೆ ಏನೂ ಹಚ್ಚಬೇಡಿ ಎಂದು ರೋಗಿಗೂ ಜೊತೆಯಲ್ಲಿರುವವರಿಗೂ ಹೇಳಿ. ಒಬ್ಬರಿಗೇ ಹೇಳಿದರೆ ಬೆಳಿಗ್ಗೆ ಮತ್ತೆ ಎಣ್ಣೆ ಹಚ್ಚಿರುತ್ತಾರೆ. ಉದ್ದ ಕೂದಲಿನ ಅಮ್ಮಂದಿರಿಗೆ ಕೂದಲು ತೆಗೆಯುವುದಿಲ್ಲ ಎಂದು ಮೊದಲೇ ಹೇಳಿ. ಆ ಭಯವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇಡೀ ರಾತ್ರಿ ಅದನ್ನೇ ಯೋಚಿಸುತ್ತಿರುತ್ತಾರೆ.

ಸಾಧ್ಯವಿದ್ದರೆ ಅಂದೇ ಎಚ್ಚರದಲ್ಲಿರುವಾಗಿನ ಹತ್ತು ನಿಮಿಷದ ದಾಖಲೆ ತೆಗೆದುಕೊಳ್ಳಿ, ಕಣ್ಣು ಮುಚ್ಚಿ ಸ್ವಲ್ಪ, ತೆರೆದು ಸ್ವಲ್ಪ. ಎರಡು ಕಡೆಗಳ ಹುಟ್ಟು ವ್ಯತ್ಯಾಸ ಯಾವುದು, ಕ್ಲಾಂಪ್ ತಂದದ್ದು ಯಾವುದು ಎಂಬ ಗೊಂದಲಕ್ಕೆ ನಾಳೆ ಇದೇ ಉತ್ತರ ಕೊಡುತ್ತದೆ.

ಎಲೆಕ್ಟ್ರೋಡ್ ಕೂರಿಸುವುದು

ತಲೆಯ ಮೇಲೆ ಎಲೆಕ್ಟ್ರೋಡ್‌ಗಳ ಜಾಗ ಗುರುತಿಸಲು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ 10–20 ಪದ್ಧತಿಯನ್ನೇ ಅನುಸರಿಸಿ. ಎಡಕ್ಕೆ ಬೆಸ ಸಂಖ್ಯೆ, ಬಲಕ್ಕೆ ಸಮ ಸಂಖ್ಯೆ. ಅಳತೆಯ ಪಟ್ಟಿ ಹಿಡಿದು ಗುರುತು ಮಾಡಿ. ಕಣ್ಣಂದಾಜಿನಲ್ಲಿ ಕೂರಿಸಿದರೆ ಎಡಬಲದ ದೂರ ವ್ಯತ್ಯಾಸವಾಗಿ, ಇಲ್ಲದ ವ್ಯತ್ಯಾಸ ಪರದೆಯಲ್ಲಿ ಕಾಣುತ್ತದೆ. ದೂರ ಹೆಚ್ಚಿದ್ದ ಕಡೆ ಅಲೆ ದೊಡ್ಡದಾಗಿ ಕಾಣುವುದು ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಳತೆಯ ಸಹಜ ಗುಣ.

ಕನಿಷ್ಠ 8 ಚಾನೆಲ್ (ಪರದೆಯ ಒಂದೊಂದು ರೇಖೆ) ಬೇಕೇ ಬೇಕು, 16 ಇದ್ದರೆ ನೆಮ್ಮದಿ. ನಮ್ಮ ಗಮನ ಹೆಚ್ಚು ಬೇಕಾದದ್ದು ಎಲ್ಲಿ? ಕಾಲುವೆಗೆ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆ ಭಾಗದ ಗದ್ದೆ. ಮಿದುಳಿನಲ್ಲಿಯೂ ಮುಂಭಾಗದ ಧಮನಿ, ನಡುಭಾಗದ ಧಮನಿ, ಹಿಂಭಾಗದ ಧಮನಿಗಳ ಹರಿವು ಕೊನೆಗೊಂಡು ಒಂದಕ್ಕೊಂದು ತಾಕುವ ಗಡಿಪ್ರದೇಶಗಳಿವೆ. ಒತ್ತಡ ಇಳಿದಾಗ ಮೊದಲು ಬಾಡುವುದು ಅವೇ. ನಡುಗೆರೆಯ ಇಕ್ಕೆಲದಲ್ಲಿರುವ ಎಫ್3, ಸಿ3, ಪಿ3 ಹಾಗೂ ಬಲಗಡೆಯ ಎಫ್4, ಸಿ4, ಪಿ4 ಈ ಪ್ರದೇಶದ ಮೇಲೆ ಕೂರುತ್ತವೆ. ಇವನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ. ಹಣೆಗೆ ಮಾತ್ರ ಪಟ್ಟಿ ಅಂಟಿಸಿ ಒಂದೇ ಅಂಕಿ ತೋರಿಸುವ ಅರಿವಳಿಕೆಯ ಆಳ ಅಳೆಯುವ ಯಂತ್ರ ಇದಕ್ಕೆ ಬದಲಿಯಾಗದು. ಅದು ನೋಡುವುದು ಹಣೆಯ ಹಿಂದಿನ ಸಣ್ಣ ಜಾಗವನ್ನು, ತಯಾರಾದದ್ದು ಬೇರೆ ಪ್ರಶ್ನೆಗೆ.

ಚರ್ಮವನ್ನು ಮೆಲ್ಲಗೆ ಉಜ್ಜಿ ಶುಚಿ ಮಾಡಿ, ಪೇಸ್ಟ್ ತುಂಬಿದ ಬಟ್ಟಲು ಎಲೆಕ್ಟ್ರೋಡ್ ಇಟ್ಟು, ಕೊಲೋಡಿಯನ್ ಎಂಬ ಅಂಟು ಹಾಕಿ ಅಂಟಿಸಿ. ಗಂಟೆಗಟ್ಟಲೆ ನಿಲ್ಲಬೇಕಾದ ಕಡೆ ಟೇಪನ್ನು ನಂಬಬೇಡಿ. ಎಲೆಕ್ಟ್ರೋಡ್‌ಗೂ ಚರ್ಮಕ್ಕೂ ನಡುವಿನ ವಿದ್ಯುತ್ ತಡೆ 5 ಕಿಲೋಓಮ್‌ಗಿಂತ ಕಡಿಮೆ ಇರಲಿ. ಅದಕ್ಕಿಂತ ಮುಖ್ಯವಾಗಿ ಎಲ್ಲ ಎಲೆಕ್ಟ್ರೋಡ್‌ಗಳದ್ದೂ ಹೆಚ್ಚುಕಡಿಮೆ ಒಂದೇ ಇರಲಿ. ಒಂದು 2, ಪಕ್ಕದ್ದು 9 ಆದರೆ ಕೋಣೆಯ ವಿದ್ಯುತ್ ಗದ್ದಲವೆಲ್ಲ ಆ ಚಾನೆಲ್ಲಿಗೆ ನುಗ್ಗುತ್ತದೆ.

ಶಸ್ತ್ರಚಿಕಿತ್ಸೆಯ ಕಡೆಯ ಕಿವಿಯ ಹಿಂದಿನ ಮೂಳೆಯ ಮೇಲೆ ಎಲೆಕ್ಟ್ರೋಡ್ ಇಡಬೇಡಿ. ಅದು ಶುದ್ಧೀಕರಿಸುವ ಜಾಗದೊಳಗೆ ಬರುತ್ತದೆ, ಕಿತ್ತು ಹೋಗುತ್ತದೆ. ರೋಗಿಯ ತಲೆಯನ್ನು ಎದುರು ಕಡೆಗೆ ತಿರುಗಿಸಿ ಮಲಗಿಸುತ್ತಾರೆ ಎಂಬುದನ್ನೂ ಮರೆಯಬೇಡಿ. ಕೆಳಗೆ ಸಿಕ್ಕಿಕೊಳ್ಳುವ ಕಡೆಯ ಎಲೆಕ್ಟ್ರೋಡ್‌ಗಳ ಮೇಲೆ ತಲೆಯ ಭಾರ ಬೀಳುತ್ತದೆ. ತಿರುಗಿಸಿದ ಮೇಲೆ, ಬಟ್ಟೆ ಹೊದಿಸುವ ಮೊದಲು, ತಡೆಯನ್ನು ಇನ್ನೊಮ್ಮೆ ನೋಡಿ. ಹೊದಿಸಿದ ಮೇಲೆ ತಲೆ ನಿಮ್ಮ ಕೈಗೆ ಸಿಗುವುದಿಲ್ಲ. ತಂತಿಗಳನ್ನೆಲ್ಲ ನೆತ್ತಿಯ ಕಡೆಗೆ ಜಡೆಯಂತೆ ಸೇರಿಸಿ, ಇತರ ಯಂತ್ರಗಳ ವಿದ್ಯುತ್ ತಂತಿಗಳಿಂದ ದೂರ ಒಯ್ಯಿರಿ. ರಕ್ತಸ್ರಾವ ತಡೆಯಲು ಬಳಸುವ ಕಾಟರಿ ಯಂತ್ರದ ಪ್ಲೇಟ್ ರೋಗಿಯ ಮೈಗೆ ಪೂರ್ತಿ ಅಂಟಿಕೊಂಡಿದೆಯೇ ಎಂದು ನರ್ಸಿಂಗ್ ಸಿಬ್ಬಂದಿಯನ್ನು ಕೇಳಿ. ಅದು ಸಡಿಲವಾಗಿದ್ದರೆ ಕಾಟರಿಯ ವಿದ್ಯುತ್ತು ನಿಮ್ಮ ಎಲೆಕ್ಟ್ರೋಡ್‌ನ ದಾರಿ ಹಿಡಿದು ನೆತ್ತಿಯ ಚರ್ಮ ಸುಡಬಹುದು.

ಯಂತ್ರದ ಹೊಂದಿಕೆ

ಇದನ್ನು ಬೇಗ ಮುಗಿಸೋಣ. ಕೆಳಗಿನ ಫಿಲ್ಟರ್ 0.5 ಅಥವಾ 1 ಹರ್ಟ್ಸ್, ಮೇಲಿನದು 70 ಹರ್ಟ್ಸ್. ಕೋಣೆಯ ವಿದ್ಯುತ್ ಗದ್ದಲ ತಡೆಯುವ ನಾಚ್ ಫಿಲ್ಟರ್ ನಮ್ಮ ದೇಶದಲ್ಲಿ 50 ಹರ್ಟ್ಸ್‌ಗೆ. ಹೊರದೇಶದಿಂದ ತಂದ ಯಂತ್ರ 60ಕ್ಕೆ ಹೊಂದಿಸಿರಬಹುದು, ನೋಡಿಕೊಳ್ಳಿ. ಸಂವೇದನೆ ಮಿಲಿಮೀಟರಿಗೆ 7 ಮೈಕ್ರೋವೋಲ್ಟ್‌ನಿಂದ ಆರಂಭಿಸಿ, ಅರಿವಳಿಕೆಯ ಅಲೆ ಸಣ್ಣದಿದ್ದರೆ 5ಕ್ಕೋ 3ಕ್ಕೋ ಇಳಿಸಿ. ಒಮ್ಮೆ ಹೊಂದಿಸಿದ ಮೇಲೆ ಕ್ಲಾಂಪ್ ಮುಗಿಯುವವರೆಗೆ ಮುಟ್ಟಬೇಡಿ. ವೇಗವನ್ನು ಸಾಮಾನ್ಯದ ಅರ್ಧಕ್ಕೆ, ಅಂದರೆ ಒಂದು ಪರದೆಯಲ್ಲಿ 20 ಸೆಕೆಂಡ್ ಕಾಣುವಂತೆ ಇಟ್ಟರೆ ಎಡಬಲದ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಎಡದ ಚಾನೆಲ್‌ಗಳೂ ಬಲದ ಚಾನೆಲ್‌ಗಳೂ ಜೋಡಿ ಜೋಡಿಯಾಗಿ ಕಾಣುವಂತೆ ಜೋಡಿಸಿ. ಬಣ್ಣದ ಪಟ್ಟಿಯಲ್ಲಿ ಅಲೆಗಳ ವೇಗವನ್ನು ತೋರಿಸುವ ಸ್ಪೆಕ್ಟ್ರಲ್ ಚಿತ್ರ ಇದ್ದರೆ ಪಕ್ಕದಲ್ಲಿ ತೆರೆದಿಡಿ, ಆದರೆ ತೀರ್ಮಾನ ಮೂಲ ರೇಖೆಯನ್ನು ನೋಡಿಯೇ ಆಗಲಿ. ಬಣ್ಣಕ್ಕೆ ಕಾಟರಿಯ ಗದ್ದಲವೂ ಮಿದುಳೇ.

ಕ್ಲಾಂಪ್‌ಗೆ ಮೊದಲಿನ ಹತ್ತು ನಿಮಿಷ

ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು ಎನ್ನುವಷ್ಟು ಮುಖ್ಯವಾದದ್ದು ಇದು.

ಅರಿವಳಿಕೆ ಬಂದ ಮೇಲೆ ಅಲೆಗಳ ಸ್ವರೂಪವೇ ಬದಲಾಗುತ್ತದೆ. ಎಚ್ಚರದಲ್ಲಿ ಹಿಂಭಾಗದಲ್ಲಿದ್ದ ಆಲ್ಫಾ ಎಂಬ ಅಲೆ ಮಾಯವಾಗಿ, ಮುಂಭಾಗದಲ್ಲಿ ಹೆಚ್ಚಾಗಿ ಕಾಣುವ, ತಲೆಯೆಲ್ಲ ಹರಡಿದ ಲಯಬದ್ಧ ವೇಗದ ಅಲೆಗಳು ಬರುತ್ತವೆ. ನಮಗೆ ಬೇಕಾದದ್ದು ಇದೇ, ಏಕೆಂದರೆ ರಕ್ತ ಕಡಿಮೆಯಾದಾಗ ಮೊದಲು ಸೊರಗುವುದು ಈ ವೇಗದ ಅಲೆ. ಅರಿವಳಿಕೆ ತೀರ ಆಳವಾದರೆ ಗುಡುಗಿನಂತೆ ಒಮ್ಮೆ ಅಲೆ ಬಂದು ಮತ್ತೆ ಕೆಲವು ಸೆಕೆಂಡ್ ರೇಖೆ ಚಪ್ಪಟೆಯಾಗುತ್ತದೆ. ಆ ಸ್ಥಿತಿಯಲ್ಲಿ ರಕ್ತದ ಕೊರತೆಯನ್ನು ಗುರುತಿಸಲು ನಮ್ಮ ಬಳಿ ಏನೂ ಉಳಿದಿರುವುದಿಲ್ಲ. ಹಾಗಾದಾಗ ಅರಿವಳಿಕೆ ತಜ್ಞರಿಗೆ ತಿಳಿಸಿ. ಬಹುತೇಕರು ಸಂತೋಷದಿಂದ ಔಷಧದ ಪ್ರಮಾಣ ತಗ್ಗಿಸುತ್ತಾರೆ.

ಕ್ಲಾಂಪ್‌ಗೆ ಕನಿಷ್ಠ ಹತ್ತು ನಿಮಿಷ ಮೊದಲಿನಿಂದ ಅರಿವಳಿಕೆ ಒಂದೇ ಮಟ್ಟದಲ್ಲಿರಬೇಕು. ಪ್ರೊಪೊಫಾಲ್‌ನ ಒಂದು ಸಿರಿಂಜ್ ಹೆಚ್ಚುವರಿಯಾಗಿ ಹೋದರೆ, ಸೆವೋಫ್ಲೂರೇನ್ ಏರಿದರೆ, ಅಲೆ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಕ್ಲಾಂಪ್ ಬಿದ್ದರೆ ಯಾವುದು ಯಾವುದರ ಪರಿಣಾಮ ಎಂದು ಬ್ರಹ್ಮನಿಗೂ ಹೇಳಲಾಗದು. ಇದನ್ನು ಆ ಗಳಿಗೆಯಲ್ಲಿ ಕೇಳಬಾರದು, ಬೆಳಿಗ್ಗೆಯೇ ಮಾತಾಡಿಕೊಂಡಿರಬೇಕು. ರಕ್ತದೊತ್ತಡದ ಬಗ್ಗೆಯೂ ಅಷ್ಟೇ. ಕ್ಲಾಂಪ್ ಅವಧಿಯಲ್ಲಿ ಸರಾಸರಿ ಒತ್ತಡವನ್ನು ರೋಗಿಯ ಸಾಮಾನ್ಯ ಮಟ್ಟಕ್ಕೆ ಸಮವಾಗಿ ಅಥವಾ ಶೇ. 10–20ರಷ್ಟು ಮೇಲೆ ಇಡುವುದು ವಾಡಿಕೆ. ರಕ್ತದ ಇಂಗಾಲದ ಡೈಆಕ್ಸೈಡ್ ಸಹಜ ಮಟ್ಟದಲ್ಲಿರಬೇಕು. ಉಸಿರಾಟದ ಯಂತ್ರ ಜೋರಾಗಿ ನಡೆದು ಅದು ಇಳಿದರೆ ಮಿದುಳಿನ ರಕ್ತನಾಳಗಳು ತಾವೇ ಸಂಕುಚಿತವಾಗುತ್ತವೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟರು ಎಂದು ಕೇಳಿದ ಕೂಡಲೇ ಕ್ಲಾಂಪ್ ಹತ್ತಿರವಿದೆ ಎಂದು ತಿಳಿಯಿರಿ. ಆಗ ಶಸ್ತ್ರಚಿಕಿತ್ಸಕರನ್ನು ಒಂದು ನಿಮಿಷ ಕಾಟರಿ ನಿಲ್ಲಿಸುವಂತೆ ಕೇಳಿ. ಕಾಟರಿ ನಡೆಯುವಾಗ ಪರದೆಯೆಲ್ಲ ಕಪ್ಪಾಗಿರುತ್ತದೆ. ಆ ಒಂದು ನಿಮಿಷದ ಶುದ್ಧ ದಾಖಲೆಯನ್ನು ಪರದೆಯ ಒಂದು ಭಾಗದಲ್ಲಿ ಹಿಡಿದಿಡಿ. ಈ ರೋಗಿಯ ರೇಖೆಯನ್ನು ಪುಸ್ತಕದ ಚಿತ್ರದ ಜೊತೆ ಹೋಲಿಸುವುದಲ್ಲ, ನಿನ್ನೆಯ ರೋಗಿಯ ಜೊತೆಯೂ ಅಲ್ಲ. ಈ ಒಂದು ನಿಮಿಷದ ಜೊತೆ.

ಕ್ಲಾಂಪ್ ಬಿದ್ದ ಮೇಲೆ

ಗಡಿಯಾರ ಒತ್ತಿ, ಗಂಟೆ ನಿಮಿಷ ಸೆಕೆಂಡ್ ಸಹಿತ ಗುರುತು ಹಾಕಿ, ಪಕ್ಕದಲ್ಲಿ ರಕ್ತದೊತ್ತಡ ಬರೆಯಿರಿ. ಈಗ ಕಣ್ಣು ಬೇರೆಲ್ಲಿಗೂ ಹೋಗಬಾರದು. ನೂರು ಜನರಲ್ಲಿ 75ಕ್ಕಿಂತ ಹೆಚ್ಚು ಮಂದಿಯಲ್ಲಿ ಏನೂ ಬದಲಾಗುವುದಿಲ್ಲ, ಎದುರು ಕಡೆಯ ರಕ್ತ ಸಾಕಾಗುತ್ತದೆ. ಬದಲಾಗುವವರಲ್ಲಿ ಹೆಚ್ಚಿನವರದು ಮೊದಲ ನಿಮಿಷದೊಳಗೇ ಕಾಣುತ್ತದೆ. ಕೆಲವರಲ್ಲಿ 15–20 ಸೆಕೆಂಡಿಗೇ.

ಕಾಣುವ ಕ್ರಮ ಹೀಗೆ. ಕ್ಲಾಂಪ್ ಬಿದ್ದ ಕಡೆ ಆಲ್ಫಾ ಮತ್ತು ಬೀಟಾ ಎಂಬ ವೇಗದ ಅಲೆಗಳು ತೆಳುವಾಗುತ್ತವೆ, ಎದುರು ಕಡೆ ಹಾಗೇ ಇರುತ್ತದೆ. ಅನಂತರ ಅದೇ ಕಡೆ ಥೀಟಾ, ಡೆಲ್ಟಾ ಎಂಬ ನಿಧಾನದ ಅಲೆಗಳು ದೊಡ್ಡದಾಗುತ್ತವೆ. ಕೊರತೆ ತೀವ್ರವಾಗಿದ್ದರೆ ಅವೂ ಅಡಗಿ ರೇಖೆ ನೆಲ ಹಿಡಿಯುತ್ತದೆ. ವೇಗದ ಅಲೆ ಮೊದಲಿನ ಅರ್ಧಕ್ಕಿಂತ ಕಡಿಮೆಯಾದರೆ, ಅಥವಾ ಡೆಲ್ಟಾ ಎರಡು ಪಟ್ಟಾದರೆ ಅದನ್ನು ಗಂಭೀರ ಬದಲಾವಣೆ ಎಂದು ಹೆಚ್ಚಿನ ಕಡೆ ಪರಿಗಣಿಸುತ್ತಾರೆ.

ತಕ್ಷಣ ಎರಡು ಪ್ರಶ್ನೆ ಕೇಳಿಕೊಳ್ಳಿ. ಬದಲಾವಣೆ ಒಂದೇ ಚಾನೆಲ್ಲಿನಲ್ಲಿದೆಯೇ, ಅಕ್ಕಪಕ್ಕದವುಗಳಲ್ಲೂ ಇದೆಯೇ? ಒಂದರಲ್ಲಿ ಮಾತ್ರವಾದರೆ ಎಲೆಕ್ಟ್ರೋಡ್ ಸಡಿಲವಾಗಿರಬಹುದು. ಒಂದೇ ಕಡೆಯೋ, ಎರಡೂ ಕಡೆಯೋ? ಎರಡೂ ಕಡೆ ಸಮನಾಗಿದ್ದರೆ ಅರಿವಳಿಕೆ ಆಳವಾಗಿರಬಹುದು, ಇಲ್ಲವೇ ರಕ್ತದೊತ್ತಡ ಬಿದ್ದಿರಬಹುದು. ಆದರೆ ಇಲ್ಲಿ ಒಂದು ಮೋಸವಿದೆ. ಎದುರಿನ ಕೆರೋಟಿಡ್ ಮುಚ್ಚಿದ್ದು, ಎರಡೂ ಕಡೆಯ ಮಿದುಳು ಈ ಒಂದೇ ಧಮನಿಯಿಂದ ಬದುಕುತ್ತಿದ್ದರೆ, ಕ್ಲಾಂಪ್‌ನ ಪರಿಣಾಮವೂ ಎರಡೂ ಕಡೆ ಕಾಣುತ್ತದೆ. ಹಿಂದಿನ ಸಂಜೆ ಫೈಲಿನಲ್ಲಿ ನೋಡಿಟ್ಟುಕೊಂಡ ಆ ಒಂದು ಸಾಲು ಈಗ ಬೇಕಾಗುತ್ತದೆ.

ಈ ಪ್ರಶ್ನೆಗಳಿಗೆ ಐದು ಸೆಕೆಂಡ್ ಸಾಕು. ಅನುಮಾನ ಉಳಿದರೂ ಹೇಳಿಬಿಡಿ.

ಹೇಳುವ ಮಾತು

ನನ್ನ ಆರಂಭದ ದಿನಗಳ ಒಂದು ಘಟನೆ. ಕ್ಲಾಂಪ್ ಬಿದ್ದು ಅರ್ಧ ನಿಮಿಷವಾಗಿತ್ತು. ಎಡಗಡೆಯ ಅಲೆ ತೆಳುವಾಗುತ್ತಿರುವುದು ನನಗೆ ಕಂಡಿತು. ಎದುರಿಗಿದ್ದವರು ಹೆಸರಾಂತ ಶಸ್ತ್ರಚಿಕಿತ್ಸಕರು, ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿರಲಿಲ್ಲ. ನನ್ನ ಕಣ್ಣು ತಪ್ಪಿರಬಹುದು, ಇನ್ನೊಂದು ಪರದೆ ನೋಡೋಣ ಎಂದುಕೊಂಡೆ. ಮತ್ತೊಂದು ಪರದೆ, ಮಗದೊಂದು. ಕೊನೆಗೆ ಬಾಯಿ ಬಿಟ್ಟಾಗ ಎರಡು ನಿಮಿಷ ಕಳೆದಿತ್ತು. ಅವರು ಕೂಡಲೇ ಷಂಟ್ (ರಕ್ತಕ್ಕೆ ತಾತ್ಕಾಲಿಕ ದಾರಿಯಾಗುವ ನಾಳ) ಹಾಕಿದರು, ರೋಗಿ ಚೆನ್ನಾಗಿಯೇ ಎದ್ದರು. ಆದರೆ ಆ ಎರಡು ನಿಮಿಷ ಇಂದಿಗೂ ನನ್ನ ಎದೆಯಲ್ಲಿದೆ. ಅವು ನನ್ನವಾಗಿರಲಿಲ್ಲ, ಮಲಗಿದ್ದವರವು.

ಆದ್ದರಿಂದ ಏನು ಹೇಳಬೇಕೆಂಬುದನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ. ಕಡೆ, ಬದಲಾವಣೆ, ಪ್ರಮಾಣ, ಸಮಯ: "ಎಡಗಡೆ ವೇಗದ ಅಲೆ ಅರ್ಧಕ್ಕಿಂತ ಕಡಿಮೆಯಾಗಿದೆ, ಕ್ಲಾಂಪ್ ಹಾಕಿ ಮೂವತ್ತು ಸೆಕೆಂಡ್, ಬಲಗಡೆ ಬದಲಾವಣೆ ಇಲ್ಲ." ಜೋರಾಗಿ, ಕೋಣೆಯಲ್ಲಿರುವ ಎಲ್ಲರಿಗೂ ಕೇಳುವಂತೆ ಹೇಳಿ. "ಸ್ವಲ್ಪ ಏನೋ ಆದ ಹಾಗಿದೆ ಸರ್" ಎಂದರೆ ಯಾರಿಗೂ ಪ್ರಯೋಜನವಿಲ್ಲ. ಶಸ್ತ್ರಚಿಕಿತ್ಸಕರು ಕೇಳಿಸಿಕೊಂಡೆ ಎಂದು ಉತ್ತರಿಸುವವರೆಗೆ ಮತ್ತೆ ಹೇಳಿ. ಬದಲಾವಣೆ ಇಲ್ಲದಿದ್ದರೂ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ "ಎರಡೂ ಕಡೆ ಸಮ" ಎಂದು ಹೇಳಿ. ಮೌನವನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಳ್ಳುತ್ತಾರೆ.

ಮುಂದಿನ ತೀರ್ಮಾನ ವೈದ್ಯರದು. ಸಾಮಾನ್ಯವಾಗಿ ಅರಿವಳಿಕೆ ತಜ್ಞರು ಔಷಧ ಕೊಟ್ಟು ರಕ್ತದೊತ್ತಡ ಏರಿಸುತ್ತಾರೆ. ಅದರಿಂದ ಅಲೆ ಹಿಂತಿರುಗದಿದ್ದರೆ ಷಂಟ್ ಹಾಕುತ್ತಾರೆ, ಅಂದರೆ ಕ್ಲಾಂಪ್‌ನ ಕೆಳಗಿನಿಂದ ಮೇಲಕ್ಕೆ ರಕ್ತ ಒಯ್ಯುವ ಸಣ್ಣ ಪ್ಲಾಸ್ಟಿಕ್ ನಾಳ. ಎಲ್ಲರಿಗೂ ಷಂಟ್ ಹಾಕಿಬಿಡಬಾರದೇ ಎಂದು ನೀವು ಕೇಳಬಹುದು. ಹಾಕುವ ಶಸ್ತ್ರಚಿಕಿತ್ಸಕರೂ ಇದ್ದಾರೆ. ಆದರೆ ನಾಳ ತೂರಿಸುವಾಗ ಗೋಡೆಯ ಕೊಬ್ಬಿನ ಚೂರು ಎದ್ದು ಮಿದುಳಿಗೆ ಹೋಗಬಹುದು, ಧಮನಿಯ ಒಳಪದರ ಹರಿಯಬಹುದು. ಬೇಕಾದವರಿಗೆ ಮಾತ್ರ ಹಾಕೋಣ ಎನ್ನುವವರಿಗೆ ನಮ್ಮ ಮಾತು ಬೇಕು.

ಷಂಟ್ ಕೆಲಸ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಅಲೆ ಮರಳುತ್ತದೆ. ಮರಳಲಿಲ್ಲವೆಂದರೆ ನಾಳ ಮಡಚಿದೆಯೇ, ಅದರ ತುದಿ ಗೋಡೆಗೆ ಒತ್ತಿದೆಯೇ ಎಂದು ಅವರು ನೋಡಬೇಕು. ಅದಕ್ಕೆ "ಇನ್ನೂ ಮರಳಿಲ್ಲ" ಎಂಬ ನಿಮ್ಮ ಮಾತು ಬೇಕು. ಮರಳಿದ ಮೇಲೂ ನಿಶ್ಚಿಂತೆ ಬೇಡ. ಇಪ್ಪತ್ತನೆಯ ನಿಮಿಷದಲ್ಲಿ ಅಲೆ ಮತ್ತೆ ಸೊರಗಿದರೆ ಷಂಟ್ ಕಟ್ಟಿಕೊಂಡಿರಬಹುದು, ಒತ್ತಡ ಇಳಿದಿರಬಹುದು, ಚೂರೊಂದು ಹೋಗಿ ಸಿಕ್ಕಿಕೊಂಡಿರಬಹುದು. ಷಂಟ್ ತೆಗೆಯುವಾಗ ಮತ್ತೆ ಸ್ವಲ್ಪ ಹೊತ್ತು ರಕ್ತ ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಇ.ಇ.ಜಿ. ಕಾಣದಿರುವುದು

ಇ.ಇ.ಜಿ. ನೋಡುವುದು ಮಿದುಳಿನ ಹೊರಪದರವನ್ನು. ಒಳಗೆ, ಕೈಕಾಲಿಗೆ ಹೋಗುವ ನರತಂತುಗಳೆಲ್ಲ ಒತ್ತೊತ್ತಾಗಿ ಸಾಗುವ ಇಕ್ಕಟ್ಟಿನ ಜಾಗದಲ್ಲಿ ಸಣ್ಣ ಆಘಾತವಾದರೆ ಮೇಲಿನ ಅಲೆ ಚೆನ್ನಾಗಿಯೇ ಇರಬಹುದು. ಅದಕ್ಕಾಗಿಯೇ ಹಲವು ಕೇಂದ್ರಗಳಲ್ಲಿ ಮುಂಗೈಯ ಮೀಡಿಯನ್ ನರಕ್ಕೆ ಸಣ್ಣ ವಿದ್ಯುತ್ ಸ್ಪಂದನ ಕೊಟ್ಟು, ಅದು ಮಿದುಳನ್ನು ತಲುಪಿದ್ದನ್ನು ಸುಮಾರು 20 ಮಿಲಿಸೆಕೆಂಡಿನ ಅಲೆಯಲ್ಲಿ ಅಳೆಯುವ ಎಸ್.ಎಸ್.ಇ.ಪಿ. ಪರೀಕ್ಷೆಯನ್ನೂ ಜೊತೆಗೆ ನಡೆಸುತ್ತಾರೆ. ಆ ಅಲೆಯ ಎತ್ತರ ಅರ್ಧಕ್ಕಿಳಿದರೆ ಎಚ್ಚರಿಕೆ. ಇನ್ನು, ಈ ಶಸ್ತ್ರಚಿಕಿತ್ಸೆಯ ಸುತ್ತಮುತ್ತ ಆಗುವ ಪಾರ್ಶ್ವವಾಯುಗಳಲ್ಲಿ ಹೆಚ್ಚಿನವು ಕ್ಲಾಂಪ್‌ನ ರಕ್ತದ ಕೊರತೆಯಿಂದಲ್ಲ, ಚೂರುಗಳು ಹೋಗಿ ಸಿಕ್ಕಿಕೊಳ್ಳುವುದರಿಂದ. ಇದನ್ನು ತಿಳಿದೇ ಕೆಲಸ ಮಾಡಬೇಕು, ಕುಟುಂಬದವರಿಗೂ ಹಾಗೆಯೇ ಹೇಳಬೇಕು. ಇಷ್ಟಾದರೂ ಈ ಶಸ್ತ್ರಚಿಕಿತ್ಸೆ ಏಕೆ? ಧಮನಿ ಶೇ. 70–99ರಷ್ಟು ಕಿರಿದಾಗಿ, ಈಗಾಗಲೇ ಲಕ್ಷಣ ತೋರಿಸಿದವರಲ್ಲಿ ಎರಡು ವರ್ಷದೊಳಗೆ ಅದೇ ಕಡೆಯ ಮಿದುಳಿಗೆ ಪೆಟ್ಟಾಗಿ ಪಾರ್ಶ್ವವಾಯು ಆಗುವ ಅಪಾಯ ಔಷಧ ಮಾತ್ರ ಪಡೆದವರಲ್ಲಿ ಶೇ. 26, ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ. 9 ಎಂದು 1991ರಲ್ಲಿ ಉತ್ತರ ಅಮೆರಿಕದ ನ್ಯಾಸೆಟ್ ಅಧ್ಯಯನ ತೋರಿಸಿತು.

ರೋಗಿ ಎಚ್ಚರವಾಗಿದ್ದರೆ

ಕತ್ತಿನ ನರಗಳಿಗೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ರೋಗಿ ಎಚ್ಚರವಿರುವಾಗಲೇ ಇದನ್ನು ಮಾಡುವುದೂ ಉಂಟು. ಎರಡೂ ವಿಧಾನಗಳನ್ನು 3,526 ರೋಗಿಗಳಲ್ಲಿ ಹೋಲಿಸಿದ, 2008ರಲ್ಲಿ ಪ್ರಕಟವಾದ ಗಾಲಾ ಅಧ್ಯಯನದಲ್ಲಿ ಫಲಿತಾಂಶದ ವ್ಯತ್ಯಾಸ ಖಚಿತವಾಗಿ ಕಾಣಲಿಲ್ಲ. ಎಚ್ಚರವಿದ್ದಾಗ ರೋಗಿಯೇ ಅತ್ಯುತ್ತಮ ಯಂತ್ರ. ಶಸ್ತ್ರಚಿಕಿತ್ಸೆಯ ಎದುರು ಕಡೆಯ ಕೈಗೆ ಒತ್ತಿದರೆ ಸದ್ದು ಮಾಡುವ ರಬ್ಬರ್ ಆಟಿಕೆ ಕೊಟ್ಟು, ಆಗಾಗ ಒತ್ತಲು ಹೇಳುತ್ತಾರೆ. ಮಾತಾಡಿಸುವವರು ರೋಗಿಯ ಭಾಷೆ ಬಲ್ಲವರೇ ಆಗಿರಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಹಳ್ಳಿಯಿಂದ ಬಂದ ಹಿರಿಯರೊಬ್ಬರಿಗೆ ಇಂಗ್ಲಿಷಿನಲ್ಲೋ ಅರೆಬರೆ ಹಿಂದಿಯಲ್ಲೋ ಕೈ ಒತ್ತಲು ಹೇಳಿ, ಅವರು ಸುಮ್ಮನಿದ್ದರೆ ಅದು ಮಿದುಳಿನ ಸೋಲೋ ಭಾಷೆಯ ಸೋಲೋ ಗೊತ್ತಾಗುವುದಿಲ್ಲ. "ಅಜ್ಜಾ, ನಿಮ್ಮ ತೋಟದಲ್ಲಿ ಈ ವರ್ಷ ಅಡಿಕೆ ಹೇಗಿದೆ?" ಎಂದು ಕೇಳಿದರೆ, ಬರುವ ಉತ್ತರದ ಒಂದೊಂದು ತೊದಲಿನಲ್ಲೂ ಸುದ್ದಿಯಿದೆ.

ಕ್ಲಾಂಪ್ ತೆಗೆದ ಮೇಲೆ

ರಕ್ತ ಬಿಟ್ಟ ಸಮಯ ಬರೆಯಿರಿ. ಅಲೆ ಮೊದಲಿನ ಮಟ್ಟಕ್ಕೆ ಬಂತೇ, ಎಷ್ಟು ನಿಮಿಷಕ್ಕೆ ಬಂತು ಎಂದು ಬರೆಯಿರಿ. ಚರ್ಮದ ಹೊಲಿಗೆ ಹಾಕುವಾಗ ಎಲ್ಲರಿಗೂ ಅವಸರ, ಎಲೆಕ್ಟ್ರೋಡ್ ಕೀಳಲು ಹೇಳುತ್ತಾರೆ. ಒಪ್ಪಬೇಡಿ. ಧಮನಿಯ ಹೊಲಿಗೆಯ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಈ ಹೊತ್ತಿನಲ್ಲೂ ಇದೆ. ರೋಗಿ ಕಣ್ಣು ತೆರೆದು, ಎರಡೂ ಕೈ ಎತ್ತಿ, ಎರಡೂ ಪಾದ ಆಡಿಸಿ, ತಮ್ಮ ಊರಿನ ಹೆಸರು ಹೇಳುವವರೆಗೆ ತಂತಿಗಳು ತಲೆಯ ಮೇಲೆಯೇ ಇರಲಿ.

ಬಹಳ ಕಾಲ ಕಡಿಮೆ ರಕ್ತಕ್ಕೆ ಒಗ್ಗಿಹೋಗಿದ್ದ ಮಿದುಳಿಗೆ ಒಮ್ಮೆಲೇ ಪೂರ್ಣ ಹರಿವು ಬಂದಾಗ ಇನ್ನೊಂದು ತೊಂದರೆ ಬರಬಹುದು. ಮೊದಲ ಕೆಲವು ದಿನಗಳಲ್ಲಿ ಶಸ್ತ್ರಚಿಕಿತ್ಸೆಯಾದ ಕಡೆಯೇ ಜೋರಾದ ತಲೆನೋವು, ಏರಿದ ರಕ್ತದೊತ್ತಡ, ಮೂರ್ಛೆ, ಅಪರೂಪಕ್ಕೆ ಮಿದುಳಿನ ರಕ್ತಸ್ರಾವ. ವಾರ್ಡಿನಲ್ಲಿ ಯಾರಾದರೂ "ತಲೆ ಸಿಡಿಯುತ್ತಿದೆ" ಎಂದರೆ ಮಾತ್ರೆ ಕೊಟ್ಟು ಮಲಗಿಸಬಾರದು, ಕೂಡಲೇ ವೈದ್ಯರಿಗೆ ತಿಳಿಸಬೇಕು. ಮನೆಗೆ ಹೋದ ಮೇಲೂ ಇದು ಬರಬಹುದು ಎಂದು ಜೊತೆಯಲ್ಲಿರುವವರಿಗೆ ಬಿಡುಗಡೆಯ ದಿನ ಕನ್ನಡದಲ್ಲಿ ಬರೆದುಕೊಡಿ.

ವರದಿಯಲ್ಲಿ ಎಚ್ಚರದ ದಾಖಲೆ, ಅರಿವಳಿಕೆಯ ನಂತರದ ದಾಖಲೆ, ಕ್ಲಾಂಪ್ ಹಾಕಿದ, ಷಂಟ್ ಹಾಕಿದ, ಕ್ಲಾಂಪ್ ತೆಗೆದ ಸಮಯಗಳು, ಪ್ರತಿ ಘಟ್ಟದ ರಕ್ತದೊತ್ತಡ, ನೀವು ಯಾವಾಗ ಏನು ಹೇಳಿದಿರಿ, ಅದಕ್ಕೆ ಏನು ಮಾಡಿದರು ಎಂಬುದೆಲ್ಲ ಇರಲಿ. ಕೊಲೋಡಿಯನ್ನನ್ನು ಅಸಿಟೋನ್ ಹತ್ತಿಯಿಂದ ಬಿಡಿಸುವಾಗ ರೋಗಿಯ ಕಣ್ಣಿಗೆ ಬಟ್ಟೆ ಮುಚ್ಚಿ. ಪೇಸ್ಟನ್ನು ಬೆಚ್ಚಗಿನ ನೀರಿನಲ್ಲಿ ಒರೆಸಿ. ಬಟ್ಟಲುಗಳನ್ನು ಅದೇ ದಿನ ತೊಳೆದು, ಸೋಂಕು ನಿವಾರಿಸಿ, ಒಣಗಿಸಿ, ಸೀಳು ಬಿದ್ದ ತಂತಿಗಳನ್ನು ಬೇರೆಯಿಡಿ.